‘ವರದೆಯ ಮೀನು ಎಲ್ಲಿ ಹೋಯಿತು?’ ಲೇಖಕರಿಗೆ ಸಂಪಾದಕರ ಉತ್ತರ

ಆತ್ಮೀಯರೆ,

ವರದಾ ನದಿಯಲ್ಲಿ ಮೀನು ಕಡಿಮೆಯಾದ ಬಗ್ಗೆ ಹಾವೇರಿಯಿಂದ ನೀವು ಕಳುಹಿಸಿದ ‘ವರದೆಯ ಮೀನು ಎಲ್ಲಿ ಹೋಯಿತು?’ ಎಂಬ ಲೇಖನವನ್ನು ಪೂರ್ತಿಯಾಗಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಕೈಬಿಡುವಂಥ ಬರಹವೂ ಅದಲ್ಲವಾದ್ದರಿಂದ ನನ್ನ ಆಕ್ಷೇಪಗಳನ್ನು ಬಿಡಿಸಿ ಹೇಳುತ್ತೇನೆ.

ವರದಾಮೂಲದ ಪುರಾಣ, ಬನವಾಸಿಯ ಕದಂಬರು, ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದ ಸಂಗಮ, ಇವುಗಳಲ್ಲೇ ಮೊದಲ ನಾಲ್ಕು ಪುಟಗಳು ಕಳೆದಿವೆ. ಓದುಗರಿಗೆ ತಿಳಿದಿರುವ ಈ ಭಾಗವನ್ನು ಪೂರ್ತಿ ತೆಗೆಯಿರಿ.

‘ನೀರು ಕಡಿಮೆಯಾಯಿತು, ಮೀನೂ ಕಡಿಮೆಯಾಯಿತು’ ಎಂಬುದು ನಿಮ್ಮ ವಾದದ ತಿರುಳು. ಅದಕ್ಕೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೇ ಕಾರಣವೆಂದೂ ಬರೆದಿದ್ದೀರಿ. ಕೆಳಗಿನಿಂದ ಮೇಲೆ ಬರುವ ಮೀನಿಗೆ ಅಣೆಕಟ್ಟು ಅಡ್ಡಿಯೆಂಬುದು ನಿಜ. ಆದರೆ ಅದು ಕಟ್ಟಿ ಮುಗಿದದ್ದು 1953ರಲ್ಲಿ. ನಿಮ್ಮ ಲೇಖನದ ಮೀನುಗಾರರೋ ಹದಿನೈದು ವರ್ಷಗಳ ಹಿಂದಿನವರೆಗೂ ಬಲೆ ತುಂಬುತ್ತಿತ್ತು ಎನ್ನುತ್ತಾರೆ. ಹಾಗಾದರೆ ಈಚಿನ ಕುಸಿತಕ್ಕೆ ಇನ್ನೂ ಹತ್ತಿರದ ಕಾರಣವನ್ನು ಹುಡುಕಬೇಕಲ್ಲವೆ? ಹೊಳೆಯಲ್ಲಿ ಎಷ್ಟು ನೀರಿದೆ ಎಂಬುದರಷ್ಟೇ ಮುಖ್ಯವಾದದ್ದು ಆ ನೀರು ಯಾವಾಗ ಬರುತ್ತದೆ, ಯಾವ ವೇಗದಲ್ಲಿ ಹರಿಯುತ್ತದೆ, ಅದರ ತಳದಲ್ಲಿ ಕಲ್ಲಿದೆಯೋ ಉಸುಕಿದೆಯೋ ಹೂಳಿದೆಯೋ ಎಂಬುದು. ನಿಮ್ಮ ಲೇಖನದಲ್ಲಿ ಹೊಳೆಗೆ ತಳವೇ ಇಲ್ಲ.

ಇದ್ದರೂ ಒಂದೇ ಕಡೆ ಇದೆ, ಆರನೆಯ ಪುಟದಲ್ಲಿ. ಮೀನುಗಾರರೊಬ್ಬರು ಓಡುವ ನೀರಿನಿಂದ ಒಂದು ಕಲ್ಲನ್ನು ಎತ್ತಿ ತಿರುವಿ, ಅದಕ್ಕೆ ಅಂಟಿದ್ದ ಹರಳಿನ ಗೂಡನ್ನೂ ಜೇಡರ ಬಲೆಯಂಥ ಎಳೆಗಳನ್ನೂ ನಿಮಗೆ ತೋರಿಸುತ್ತಾರೆ. ನೀವು ‘ಯಾವುದೋ ಹುಳು’ ಎಂದು ಬರೆದು ಮುಂದೆ ನಡೆದಿದ್ದೀರಿ. ನಿಮ್ಮ ವರ್ಣನೆ ಸರಿಯಾಗಿದ್ದರೆ ಅದು ಕ್ಯಾಡಿಸ್ ಎಂಬ ಪತಂಗದಂಥ ಕೀಟದ, ನೀರಿನಲ್ಲಿ ಬೆಳೆಯುವ ಮರಿಯಿರಬೇಕು. ಈ ಗುಂಪಿನ ಕೆಲವು ಮರಿಗಳು ಕಲ್ಲುಗಳ ಸಂದಿಯಲ್ಲಿ ಹರಿವಿಗೆ ಎದುರಾಗಿ ರೇಷ್ಮೆಯಂಥ ಬಲೆ ನೇಯ್ದು, ಅದರಲ್ಲಿ ಸಿಕ್ಕಿಕೊಂಡ ಕಣಗಳನ್ನು ತಿಂದು ಬದುಕುತ್ತವೆ. ನೀರು ನಿಂತರೆ ಬಲೆಗೆ ಏನೂ ಬಂದು ಬೀಳದು. ಹೂಳು ಕೂತರೆ ಸಂದಿಯೇ ಮುಚ್ಚಿಹೋಗುತ್ತದೆ. ಆಗ ಮೇಫ್ಲೈ ಎಂಬ ಇನ್ನೊಂದು ಕೀಟದ ಮರಿಗಳು ನೆಲೆ ಕಳೆದುಕೊಳ್ಳುತ್ತವೆ, ಹರಳುಗಳ ನಡುವೆ ಇಟ್ಟ ಮೀನಿನ ತತ್ತಿಗಳೂ ಆಮ್ಲಜನಕ ಸಿಗದೆ ಸಾಯುತ್ತವೆ. ಹರಿಯುವ ಹೊಳೆಯಲ್ಲಿ ಇಂಥ ಹುಳುಗಳಲ್ಲಿ ಹಲವು ರಾತ್ರಿ ಹೊತ್ತು ಕಲ್ಲಿನ ಹಿಡಿತ ಬಿಟ್ಟು ನೀರಿನೊಡನೆ ಕೆಳಗೆ ತೇಲುತ್ತವೆ, ಸಣ್ಣ ಮೀನುಗಳು ಅವನ್ನು ಹಿಡಿದು ತಿನ್ನುತ್ತವೆ, ಆ ಸಣ್ಣ ಮೀನುಗಳನ್ನು ಮಡುವಿನ ಆಳದಲ್ಲಿ, ದಂಡೆಯ ಪೊಟರೆಗಳಲ್ಲಿ ಹಗಲು ಕಳೆದ ಬಾಳೆ ಮೀನು ಬೇಟೆಯಾಡುತ್ತದೆ. ಆ ಒಂದು ಕಲ್ಲಿನಿಂದ ಇಷ್ಟು ದೂರ ಹೋಗಬಹುದಿತ್ತು. ನಿಮ್ಮ ಲೇಖನ ಅಲ್ಲಿಂದಲೇ ಶುರುವಾಗಲಿ.

ಬಾಂದಾರಿನ, ಅಂದರೆ ಹೊಳೆಗೆ ಅಡ್ಡಲಾಗಿ ಕಟ್ಟಿದ ತಗ್ಗು ಒಡ್ಡಿನ, ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಬಹಳ ಬೇಸರ ತಂದಿತು. ಕೊಲ್ಹಾಪುರ ಮಾದರಿಯ ಬಾಂದಾರಿನಲ್ಲಿ ಮಳೆಗಾಲ ಮುಗಿಯುವಾಗ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗೆ ಮೊದಲು ಹಲಗೆ ತೆಗೆಯುತ್ತಾರೆ. ರೈತರಿಗೆ ಅದರಿಂದಾಗುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ನಿಮ್ಮ ಬರಹ ಅದನ್ನೂ ಹೇಳಬೇಕು. ಆದರೆ ಹಲಗೆ ತೆಗೆಯುವುದು ತಡವಾದರೆ, ಮೊದಲ ಮಳೆಯ ಕೆಂಪು ನೀರಿಗೆ ತತ್ತಿ ಇಡಲೆಂದು ಮೇಲೇರುವ ಮೀನು ಗೋಡೆಗೆ ಬಂದು ನಿಲ್ಲುತ್ತದೆ. ನಿಂತ ನೀರು ಬೇಸಿಗೆಯಲ್ಲಿ ಕಾಯುತ್ತದೆ, ಕಾದ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಬಲ್ಲದು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಅಲ್ಲಿ ಹೊರಗಿನಿಂದ ಬಂದ ಜಿಲೇಬಿ ಮೀನು (ತಿಲಾಪಿಯಾ) ತಳದಲ್ಲಿ ಗುಂಡಿ ತೋಡಿ ಸಂಸಾರ ಹೂಡುತ್ತದೆ, ಆಮ್ಲಜನಕ ಕಡಿಮೆಯಿದ್ದರೂ ಬದುಕುವ ಕೆಂಪು ಹುಳು ಕೆಸರಿನಲ್ಲಿ ಹೆಚ್ಚುತ್ತದೆ. ಹಾಗಾಗಿ ‘ಮೀನು ಹೋಯಿತು’ ಎಂದರೆ ಸಾಲದು. ಯಾವುದು ಹೋಯಿತು, ಯಾವುದು ಬಂದಿತು ಎಂದು ಬರೆಯಿರಿ.

ಉಸುಕು ತೆಗೆಯುವವರ ಮೇಲಿನ ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಅಲ್ಲಿ ಬೈಗುಳವಿದೆ, ವಿವರವಿಲ್ಲ. ಉಸುಕು ತೋಡಿದಾಗ ಪಾತ್ರ ತಗ್ಗಾಗುತ್ತದೆ, ಉಸುಕಿನಲ್ಲಿ ಹುದುಗಿದ್ದ ಚಿಪ್ಪಿನ ಜೀವಿಗಳು ಅದರೊಡನೆಯೇ ಲಾರಿ ಏರುತ್ತವೆ, ಎದ್ದ ರಾಡಿ ಕೆಳಗಿನ ಕಲ್ಲುಗಳ ಮೇಲೆ ಕೂರುತ್ತದೆ. ಇದನ್ನು ಹೇಳಿದರೆ ಓದುಗರಿಗೆ ಸಿಟ್ಟು ತಾನೇ ಬರುತ್ತದೆ.

ಕೊನೆಗೆ ನೀವು ಸೂಚಿಸಿರುವ ಪರಿಹಾರ, ಕಾಟ್ಲಾ ಮತ್ತು ರೋಹು ಮರಿಗಳನ್ನು ಹೊಳೆಗೆ ಬಿಡುವುದು, ನನಗೆ ಒಪ್ಪಿಗೆಯಿಲ್ಲ. ಅವು ಮೂಲತಃ ಉತ್ತರದ ನದಿಗಳ ಮೀನುಗಳು; ಅವು ತಾವಾಗಿ ತತ್ತಿ ಇಡಬೇಕಾದರೂ ಹರಿಯುವ ನೆರೆನೀರೇ ಬೇಕು.

ಮಾರ್ಚಿನೊಳಗೆ ಒಂದು ಬೆಳಗ್ಗೆ ಬಾಂದಾರಿನ ಮೇಲೂ ಕೆಳಗೂ ಹೋಗಿ, ಎರಡೂ ಕಡೆ ಒಂದೇ ಅಳತೆಯ ಕೆಲವು ಕಲ್ಲುಗಳನ್ನು ತಿರುವಿ ಏನಿದೆಯೆಂದು ಬರೆದುಕೊಳ್ಳಿ, ನೀರಿನ ಉಷ್ಣತೆಯನ್ನು ಅಳೆಯಿರಿ, ಕಲ್ಲುಗಳನ್ನು ಇದ್ದಲ್ಲೇ ಮರಳಿ ಇಡಿ. ಆ ಮೀನುಗಾರರನ್ನೂ ಕರೆದೊಯ್ಯಿರಿ. ಅವರು ಮೀನುಗಳಿಗೆ ಹೇಳುವ ಹೆಸರುಗಳನ್ನು ಹಾಗೆಯೇ ಉಳಿಸಿ, ಜೊತೆಗೆ ಚಿತ್ರಗಳನ್ನು ಕಳುಹಿಸಿ. ಹೆಸರುಗಳನ್ನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಬಲ್ಲವರಿಂದ ಪರಿಶೀಲಿಸುವ ಹೊಣೆ ನನ್ನದು. ತಿದ್ದಿದ ಪ್ರತಿ ಏಪ್ರಿಲ್ ಕೊನೆಗೆ ತಲುಪಿದರೆ ಜೂನ್ ಸಂಚಿಕೆಗೆ ಪರಿಗಣಿಸುತ್ತೇನೆ.

ವಂದನೆಗಳೊಂದಿಗೆ,
ಸಂಪಾದಕ