ಕುಣಿಯೋಕೆ ಕರೀತಾರೆ, ಊಟಕ್ಕೆ ಕರೆಯೋದಿಲ್ಲ

ಇದೇ ನೋವು ಹೊತ್ತು ಕೌನ್ಸೆಲಿಂಗಿಗೆ ಅಂತ ನನ್ನ ಹತ್ತಿರ ಬಂದ ಮೂರನೇ ಮಗು ಇವಳು. ಅದಕ್ಕೇ ಬರೆಯುತ್ತಿದ್ದೇನೆ. ಮೂವರದೂ ಬೇರೆ ಬೇರೆ ಶಾಲೆ. ಮೂವರೂ ಸಿದ್ದಿ ಬುಡಕಟ್ಟಿನ ಮಕ್ಕಳು. ಮೂವರಿಗೂ ತೊಂದರೆ ಶುರುವಾಗಿದ್ದು ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವದ ತಯಾರಿಯ ಹೊತ್ತಿಗೆ. ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ. ಬರೆಯಲು ಹುಡುಗಿಯೂ ಅವಳ ಆಯಿಯೂ (ಅಮ್ಮ) ಒಪ್ಪಿದ್ದಾರೆ.

ಉತ್ತರ ಕನ್ನಡದ ಘಟ್ಟದ ಮೇಲಿನ ಊರು, ಎಂಟನೇ ಕ್ಲಾಸು. ಎರಡು ವಾರದಿಂದ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಡಾಕ್ಟರು ನೋಡಿ ಏನೂ ಇಲ್ಲ ಅಂದರು, ನನ್ನ ಹತ್ತಿರ ಕಳಿಸಿದರು.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಗ್ಯಾದರಿಂಗಿನಲ್ಲಿ ‘ಸಿದ್ದಿ ಡ್ಯಾನ್ಸ್’ ಮಾಡಲು ಇಷ್ಟವಿಲ್ಲ ಅಂತ ಅವಳು ಹೇಳಿದ ಕೂಡಲೇ, ನಿಮ್ಮ ಕಲೆ ದೊಡ್ಡದು, ನಾಚಿಕೆ ಯಾಕೆ, ಹೆಮ್ಮೆ ಪಡಬೇಕು ಅಂತ ಹೇಳಿಬಿಟ್ಟೆ. ಅವಳು ತಲೆ ತಗ್ಗಿಸಿದಳು. ಆಮೇಲೆ ಒಂದು ಮಾತೂ ಆಡಲಿಲ್ಲ.

ಎರಡನೇ ಸಲ ಬಂದಾಗ ನಾನು ಸುಮ್ನೆ ಕೂತೆ. ಕಾಗದ ಕೊಟ್ಟು, ಕಳೆದ ವರ್ಷದ ಗ್ಯಾದರಿಂಗ್ ದಿನ ಯಾರು ಎಲ್ಲಿದ್ದರು ಅಂತ ಚಿತ್ರ ಬರಿ ಅಂದೆ. ಸ್ಟೇಜ್ ಬರೆದಳು. ಅದರ ಮೇಲೆ ಆರು ಜನ, ಎಲ್ಲ ಸಿದ್ದಿ ಮಕ್ಕಳು, ಸೊಂಟಕ್ಕೆ ಸೊಪ್ಪು, ಮುಖಕ್ಕೆ ಬಿಳಿ ಬಣ್ಣದ ಗೆರೆ. ಪಕ್ಕದಲ್ಲಿ ಊಟದ ಸಾಲು ಬರೆದಳು. ಉದ್ದ ಸಾಲು, ಆಮೇಲೆ ಒಂದಿಷ್ಟು ಖಾಲಿ ಜಾಗ, ಆಮೇಲೆ ಅದೇ ಆರು ಜನ.

ಈ ಖಾಲಿ ಜಾಗ ಏನು ಅಂತ ಕೇಳಿದೆ. ಪೆನ್ಸಿಲ್ ಕೆಳಗಿಟ್ಟು ಹೇಳಿದಳು: “ಅಕ್ಕೋರೇ, ಕುಣಿಯೋಕೆ ನಮ್ಮನ್ನ ಹೆಸರು ಹಿಡಿದು ಕರೀತಾರೆ. ಊಟಕ್ಕೆ ಕೂರುವಾಗ ಯಾರೂ ಕರೆಯೋದಿಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅವಳೇ ಶುರು ಮಾಡಿದಳು. ಮನೆಯಲ್ಲಿ ಹಬ್ಬಕ್ಕೆ ಡಮಾಮಿ ಡೋಲು ಬಾರಿಸಿದರೆ ತಾನೇ ಮೊದಲು ಏಳುವುದಂತೆ. ಅಜ್ಜಿ ಸೀರೆ ಉಟ್ಟೇ ಕುಣಿಯುತ್ತಾಳಂತೆ, ಸೊಪ್ಪು ಯಾರೂ ಕಟ್ಟುವುದಿಲ್ಲವಂತೆ. ಇವಳಿಗೆ ಆಸೆ ಇದ್ದದ್ದು ಕೋಲಾಟದ ಮೇಲೆ. ಕೇಳಿದ್ದಕ್ಕೆ, ನಿನ್ನದು ಬೇರೆ ಐಟಂ ಇದೆಯಲ್ಲ ಅಂದರಂತೆ. ಅವಳ ಗುಂಗುರು ಕೂದಲನ್ನು ಕೇಳದೇ ಮುಟ್ಟಿ ನಗುವವರಿದ್ದರು. ‘ಆಫ್ರಿಕಾ’ ಅಂತಲೇ ಕರೆಯುವವರೂ ಇದ್ದರು. ಇದನ್ನೆಲ್ಲ ಹೇಳುವಾಗ ಅವಳು ಅಳಲಿಲ್ಲ. ಬಾಗಿಲ ಹತ್ತಿರ ಕೂತಿದ್ದ ಅವಳ ಆಯಿ ಅತ್ತರು.

ಗೊತ್ತಿಲ್ಲದವರಿಗೆ ಒಂದು ಮಾತು. ಸಿದ್ದಿ ಜನರ ಹಿರಿಯರು ಆಫ್ರಿಕಾದವರು. ಅವರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು, ಅಲ್ಲಿಂದ ತಪ್ಪಿಸಿಕೊಂಡು ಬಂದವರು ಈ ಕಾಡಿನಲ್ಲಿ ನೆಲೆ ನಿಂತರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆ ಇದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದರು. ಇಷ್ಟಾದರೂ, ತಲೆಮಾರುಗಳಿಂದ ಇಲ್ಲೇ ಇರುವ ಮನೆಯ ಹುಡುಗಿಗೆ ‘ನೀನು ಎಲ್ಲಿಯವಳು’ ಅನ್ನುವ ಪ್ರಶ್ನೆ ತಪ್ಪಿಲ್ಲ.

ಹುಡುಗಿಗೆ ನಾನು ಹೇಳಿದ್ದು ಇಷ್ಟು: ಸಿದ್ದಿ ಡ್ಯಾನ್ಸ್ ಬೇಡ ಅನ್ನುವ ಹಕ್ಕು ನಿನಗಿದೆ, ಬೇಕು ಅನ್ನುವ ಹಕ್ಕೂ ಇದೆ. “ಸರ್, ನನಗೆ ಕೋಲಾಟಕ್ಕೆ ಸೇರಬೇಕು” ಅನ್ನುವುದನ್ನು ನನ್ನ ಕೋಣೆಯಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡಿದೆವು. ಮೊದಲ ಸಲ ದನಿಯೇ ಬರಲಿಲ್ಲ. ಮಿಕ್ಕಿದ್ದು ದೊಡ್ಡವರ ಕೆಲಸ, ನಿನ್ನದಲ್ಲ ಅಂತಲೂ ಹೇಳಿದೆ. ಹೊಂದಿಕೊಂಡು ಹೋಗು ಅಂತ ಮಾತ್ರ ಹೇಳಬೇಡಿ ಅಂತ ಆಯಿಯನ್ನು ಕೇಳಿಕೊಂಡೆ. ಅವರು ಇಷ್ಟು ವರ್ಷ ಅದನ್ನೇ ಹೇಳುತ್ತಾ ಬಂದಿದ್ದರು, ತಮಗೂ ಬೇರೆಯವರು ಅದನ್ನೇ ಹೇಳಿದ್ದರು ಅಂದರು.

ಆಮೇಲೆ ಶಾಲೆಗೆ ಹೋದೆ. ಹೆಡ್‌ಮಾಸ್ತರರು ಒಳ್ಳೆಯವರೇ. “ನಾವು ಯಾರನ್ನೂ ಬೇರೆ ಮಾಡಿಲ್ಲ ಮೇಡಂ, ಮಕ್ಕಳು ತಾವಾಗಿಯೇ ಹಾಗೆ ಕೂರುತ್ತಾರೆ” ಅಂದರು. ನಾನು ಅವರಿಗೆ ಅಮೆರಿಕದ ಜಾರ್ಜಿಯಾದ ಕಥೆ ಹೇಳಿದೆ. ಅಲ್ಲಿನ ವಿಲ್ಕಾಕ್ಸ್ ಕೌಂಟಿಯ ಹೈಸ್ಕೂಲಿನಲ್ಲಿ ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ಕ್ಲಾಸಿನಲ್ಲಿ ಓದುತ್ತಿದ್ದರು, ಆದರೆ ವರ್ಷದ ಕೊನೆಯ ಡ್ಯಾನ್ಸ್ ಪಾರ್ಟಿ ಮಾತ್ರ ಬೇರೆ ಬೇರೆ. ಪಾರ್ಟಿ ನಡೆಸುತ್ತಿದ್ದದ್ದು ಮನೆಯವರು, ಶಾಲೆಯಲ್ಲ. 2013ರಲ್ಲಿ ನಾಲ್ಕು ಹುಡುಗಿಯರು, ಇಬ್ಬರು ಕಪ್ಪು, ಇಬ್ಬರು ಬಿಳಿ, ತಾವೇ ದುಡ್ಡು ಕೂಡಿಸಿ ಎಲ್ಲರಿಗೂ ಸೇರಿ ಒಂದೇ ಪಾರ್ಟಿ ಮಾಡಿದರು. ಮರುವರ್ಷ ಶಾಲೆಯೇ ಮುಂದೆ ಬಂದು ನಡೆಸಿತು. ನಾವು ಮಾಡಿಲ್ಲ ಅಂದ ಮಾತ್ರಕ್ಕೆ ಅದು ತಾನಾಗಿ ಆಗಿದ್ದು ಅಂತ ಅಲ್ಲ, ಅಲ್ವಾ ಸರ್ ಅಂತ ಕೇಳಿದೆ.

ತಾರತಮ್ಯ ತಡೆಯಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ, ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯೂ ಇದೆ. ಆ ದಿನ ನಾನು ಎರಡನ್ನೂ ಎತ್ತಲಿಲ್ಲ. ಭಯಕ್ಕೆ ಮಾಡಿದ್ದು ಗ್ಯಾದರಿಂಗ್ ಮುಗಿಯುವ ತನಕ ಮಾತ್ರ ನಿಲ್ಲುತ್ತದೆ ಅನಿಸಿತು. ಯಾವ ಮಗು ಯಾವ ಕುಣಿತಕ್ಕೆ ಬೇಕಾದರೂ ಹೆಸರು ಕೊಡಲಿ ಅಂದೆ. ಊಟಕ್ಕೆ ಚೀಟಿ ಎತ್ತಿ ಕೂರಿಸಿ, ಮಾಸ್ತರರೂ ಅಕ್ಕೋರೂ ನಡುನಡುವೆ ಕೂರಲಿ ಅಂದೆ. ಕೂದಲು ಮುಟ್ಟುವುದು ಆಟವಲ್ಲ ಅಂತ ಕ್ಲಾಸಿನಲ್ಲಿ ನೇರವಾಗಿ ಹೇಳಬೇಕು ಅಂದೆ. ಸಿದ್ದಿ ಮಕ್ಕಳು ತಾವಾಗಿಯೇ ಡಮಾಮಿ ತರುತ್ತೇವೆ ಅಂದರೆ ತರಲಿ, ಮನೆಯಲ್ಲಿ ಉಡುವ ಬಟ್ಟೆಯಲ್ಲೇ ಕುಣಿಯಲಿ.

ನೀವು ಹೀಗೆ ಹೇಳಿದರೆ ಆ ಕಲೆ ಸತ್ತೇ ಹೋಗುತ್ತದೆ, ಮಗುವಿಗೆ ತನ್ನ ಜನರ ಮೇಲೇ ನಾಚಿಕೆ ಬರುತ್ತದೆ ಅಂತ ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಆ ಕಲೆ ಇವಳ ಅಜ್ಜಿಯ ಅಂಗಳದಲ್ಲಿ ಚೆನ್ನಾಗಿಯೇ ಇದೆ. ಅದನ್ನು ಉಳಿಸುವ ಹೊರೆಯನ್ನು ಹದಿಮೂರು ವರ್ಷದ ಹುಡುಗಿಯ ಮೇಲೆ ಹಾಕಿ, ಅನ್ನದ ಸಾಲಿನಲ್ಲಿ ಅವಳನ್ನು ಬೇರೆ ಕೂರಿಸುವವರಿಗೆ ಕಲೆಯ ಮಾತಾಡುವ ಅಧಿಕಾರ ಇಲ್ಲ. ನಾಚಿಕೆ ಅವಳಿಗೆ ಕುಣಿತದಿಂದ ಬಂದಿದ್ದಲ್ಲ, ಆ ಖಾಲಿ ಜಾಗದಿಂದ ಬಂದಿದ್ದು.

ಅವಳು ಕೋಲಾಟ ಆಡಿದಳು, ಎರಡನೇ ಸಾಲಿನಲ್ಲಿ. ಹೊಟ್ಟೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಚೀಟಿ ಎತ್ತಿ ಊಟಕ್ಕೆ ಕೂರಿಸಿದ ಮರುದಿನ ಒಬ್ಬ ಹುಡುಗಿಯ ತಾಯಿ ಹೆಡ್‌ಮಾಸ್ತರರಿಗೆ ಫೋನ್ ಮಾಡಿ, ನಮ್ಮ ಮಗಳ ಪಕ್ಕ ಯಾರು ಕೂರಬೇಕು ಅಂತ ಹೇಳಲು ನೀವು ಯಾರು ಅಂದರಂತೆ. ಜೂನಿನಲ್ಲಿ ಶಾಲೆ ಶುರುವಾದಾಗ ಪಾಲಕರ ಸಭೆ ಕರೆಯುತ್ತಾರೆ. ನಾನೂ ಹೋಗುತ್ತೇನೆ.