ಥಿಯೇಟರಿನಲ್ಲಿ ‘ಬೆಂಕಿ’ ಅಂತ ಕೂಗಿದರೆ?

ಶಿವಮೊಗ್ಗದ ಓದುಗರೊಬ್ಬರ ಪತ್ರ: “ಅಮೆರಿಕದಲ್ಲಿ ಏನು ಮಾತಾಡಿದರೂ ಕೇಸಿಲ್ಲ ಅಂತಾನೆ ಅಲ್ಲಿರುವ ನನ್ನ ತಂಗಿಯ ಮಗ. ಥಿಯೇಟರಿನಲ್ಲಿ ಸುಮ್ಸುಮ್ನೆ ‘ಬೆಂಕಿ’ ಅಂತ ಕೂಗೋ ಹಕ್ಕು ಯಾರಿಗೂ ಇಲ್ಲ, ಅಲ್ಲಿನ ಕೋರ್ಟೇ ಹೇಳಿದೆ ಅಂತ ನನ್ನ ವಾದ. ಯಾರು ಸರಿ? ಫೇಸ್‌ಬುಕ್‌ನಲ್ಲಿ ಏನೋ ಬರೆದನೆಂದು ಅವನ ಆಫೀಸಿನಲ್ಲಿ ಒಬ್ಬನನ್ನು ಕೆಲಸದಿಂದ ತೆಗೆದರಂತೆ. ಅದು ಹೇಗೆ?”

ಉತ್ತರ: ಸುಳ್ಳು ಸುಳ್ಳೇ ‘ಬೆಂಕಿ’ ಅಂತ ಕೂಗಿ ಕಾಲ್ತುಳಿತ ಮಾಡಿಸಿದವನು ಅಲ್ಲೂ ತಪ್ಪಿಸಿಕೊಳ್ಳಲಾರ. ಅಷ್ಟರಮಟ್ಟಿಗೆ ನೀವು ಸರಿ. ಆದರೆ ಆ ಮಾತು ಯಾವ ಕೇಸಿನಲ್ಲಿ ಬಂತು ಗೊತ್ತಾ? ಅಲ್ಲಿ ಥಿಯೇಟರೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಇದ್ದದ್ದು ಕರಪತ್ರ.

ಮೊದಲ ಮಹಾಯುದ್ಧದ ಕಾಲ. ಸಮಾಜವಾದಿ ಪಕ್ಷದ ಚಾರ್ಲ್ಸ್ ಶೆಂಕ್ ಫಿಲಡೆಲ್ಫಿಯಾದಲ್ಲಿ ಸುಮಾರು 15,000 ಕರಪತ್ರ ಅಚ್ಚು ಹಾಕಿಸಿದ. ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವುದು ತಪ್ಪು, ಇದನ್ನು ವಿರೋಧಿಸಿ ಅಂತ ಅದರಲ್ಲಿತ್ತು. ಸೈನ್ಯಕ್ಕೆ ಆಯ್ಕೆಯಾದ ಯುವಕರ ಮನೆಗೆ ಅವನ್ನು ಅಂಚೆಯಲ್ಲಿ ಕಳಿಸಿದರು. ಇಷ್ಟಕ್ಕೇ ಜೈಲು. 1919ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಶಿಕ್ಷೆ ಎತ್ತಿಹಿಡಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ಹೋಮ್ಸ್ ಥಿಯೇಟರಿನ ಮಾತು ತಂದದ್ದು ಬರೀ ಹೋಲಿಕೆಗೆ. ಒಂದು ವಾರ ಕಳೆದು ಅದೇ ಪಕ್ಷದ ನಾಯಕ ಯೂಜೀನ್ ಡೆಬ್ಸ್ ಸರದಿ. ಯುದ್ಧದ ವಿರುದ್ಧ ಮಾಡಿದ ಒಂದು ಭಾಷಣಕ್ಕೆ 10 ವರ್ಷ ಜೈಲು! ಆತ ಜೈಲಿನಿಂದಲೇ 1920ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು 9 ಲಕ್ಷಕ್ಕೂ ಜಾಸ್ತಿ ಓಟು ತಗೊಂಡ. ಹಾಗಾಗಿ ಯಾರ ಬಾಯಿಯನ್ನಾದರೂ ಮುಚ್ಚಿಸೋಕೆ ಈ ಥಿಯೇಟರ್ ವಾಕ್ಯ ಹೇಳಿದಾಗ ನನಗೆ ಇರುಸುಮುರುಸಾಗುತ್ತದೆ.

ಮಾತಿನಿಂದ ಸ್ಪಷ್ಟವಾದ, ಕಣ್ಣೆದುರಿನ ಅಪಾಯ ಇದ್ದರೆ ಶಿಕ್ಷಿಸಬಹುದು ಎಂಬುದು ಹೋಮ್ಸ್ ಹಾಕಿಕೊಟ್ಟ ಅಳತೆಗೋಲು. ಅದು ಈಗ ಚಾಲ್ತಿಯಲ್ಲಿಲ್ಲ. ಅದನ್ನು ಬದಲಿಸಿದ್ದು ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪಿನ ಒಬ್ಬ ಮುಖಂಡನ ಕೇಸು. ಓಹಿಯೋದ ಬ್ರ್ಯಾಂಡನ್‌ಬರ್ಗ್ ಟಿವಿ ವರದಿಗಾರನನ್ನು ತಾನೇ ಕರೆದು ಸಭೆ ತೋರಿಸಿದ. ಮುಸುಕು, ಬಂದೂಕು, ಉರಿಯುವ ಶಿಲುಬೆ, ಕರಿಯರ ಮೇಲೆ, ಯಹೂದಿಗಳ ಮೇಲೆ ಹೊಲಸು ಮಾತು. ಕೇಳಿದರೆ ಮೈ ಉರಿಯುತ್ತದೆ. ಆದರೂ 1969ರಲ್ಲಿ ಕೋರ್ಟು ಅವನ ಶಿಕ್ಷೆ ರದ್ದು ಮಾಡಿತು. ಕೂಡಲೇ ಕಾನೂನು ಮುರಿಯುವಂತೆ ಜನರನ್ನು ಎತ್ತಿಕಟ್ಟುವ ಉದ್ದೇಶ ಇರಬೇಕು, ಹಾಗೆ ಆಗುವ ಸಂಭವವೂ ಇರಬೇಕು. ಆಗ ಮಾತ್ರ ಅಪರಾಧ. ಬರೀ ದ್ವೇಷ ಕಾರಿದರೆ ಸಾಲದು. ಈ ವಿಷಯದಲ್ಲಿ ನಿಮ್ಮ ಹುಡುಗನ ಮಾತು ಹೆಚ್ಚುಕಮ್ಮಿ ನಿಜ.

ನಮ್ಮ ಸಂವಿಧಾನದ 19(2)ನೇ ವಿಧಿಯಲ್ಲಿ ಮಾತಿನ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳ ಪಟ್ಟಿಯೇ ಇದೆ. ಮಾತಿನ ಸ್ವಾತಂತ್ರ್ಯವನ್ನು ಕಾಯುವ ಅವರ ಸಂವಿಧಾನದ ಮೊದಲ ತಿದ್ದುಪಡಿಯಲ್ಲಿ ಪಟ್ಟಿ ಇಲ್ಲ. ಕೋರ್ಟು ಒಂದೊಂದೇ ಕೇಸಿನಲ್ಲಿ ಗೆರೆ ಎಳೆಯುತ್ತಾ ಬಂದಿದೆ. ವಂಚನೆ, ಅಶ್ಲೀಲತೆ, ನಿಜವಾದ ಬೆದರಿಕೆ ಇವೆಲ್ಲ ಗೆರೆಯಾಚೆ, ಅಂದರೆ ಅವಕ್ಕೆ ರಕ್ಷಣೆ ಇಲ್ಲ. “ನನ್ನ ಕೈಗೆ ಬಂದೂಕು ಕೊಟ್ಟರೆ ಮೊದಲು ಗುರಿ ಇಡೋದು ಅಧ್ಯಕ್ಷ ಜಾನ್ಸನ್‌ಗೇ” ಎಂಬ ಅರ್ಥದಲ್ಲಿ 18 ವರ್ಷದ ಹುಡುಗನೊಬ್ಬ 1966ರಲ್ಲಿ ವಾಷಿಂಗ್ಟನ್ನಿನ ಸಭೆಯಲ್ಲಿ ಹೇಳಿದ. ಸುತ್ತ ಇದ್ದವರು ನಕ್ಕರು. ಇದು ಬೆದರಿಕೆ ಅಲ್ಲ, ರಾಜಕೀಯದ ಒರಟು ಮಾತು ಎಂದಿತು ಕೋರ್ಟು.

ಮಾನಹಾನಿಯೂ ಗೆರೆಯಾಚೆಯೇ. ಆದರೆ 1964ರ ಸಲ್ಲಿವನ್ ತೀರ್ಪಿನ ಪ್ರಕಾರ ಸರ್ಕಾರಿ ಅಧಿಕಾರಿ ಗೆಲ್ಲಬೇಕಾದರೆ, ಸುಳ್ಳೆಂದು ಗೊತ್ತಿದ್ದೇ ಅಥವಾ ನಿಜವೋ ಸುಳ್ಳೋ ಎಂಬ ಗೊಡವೆಯೇ ಇಲ್ಲದೆ ಅಚ್ಚು ಹಾಕಿದರು ಅಂತ ತೋರಿಸಬೇಕು. ನ್ಯೂಯಾರ್ಕ್ ಟೈಮ್ಸ್‌ನ ಒಂದು ಜಾಹೀರಾತಿನಲ್ಲಿ ಸಣ್ಣಪುಟ್ಟ ತಪ್ಪುಗಳಿದ್ದವು, ಅದಕ್ಕೇ ಅಧಿಕಾರಿ ಸಲ್ಲಿವನ್ ಕೇಸು ಹಾಕಿದ. ಕೆಳಗಿನ ಕೋರ್ಟು 5 ಲಕ್ಷ ಡಾಲರ್ ಕಟ್ಟಲು ಹೇಳಿತ್ತು, ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಪತ್ರಿಕೆ ನಡೆಸುವ ನನಗೆ ಈ ತೀರ್ಪು ಓದಿದಾಗಲೆಲ್ಲ ಸ್ವಲ್ಪ ಹೊಟ್ಟೆಕಿಚ್ಚು.

ಇನ್ನು ಕೆಲಸ ಹೋದ ಸಂಗತಿ. ಮೊದಲ ತಿದ್ದುಪಡಿ ಕೈಕಟ್ಟುವುದು ಸರ್ಕಾರದ್ದು, ಖಾಸಗಿ ಕಂಪನಿಯದ್ದಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡಿನ ದಾಳಿ ನಡೆದಾಗ, ಟೆಕ್ಸಸ್‌ನ ಕಾನ್‌ಸ್ಟೆಬಲ್ ಕಚೇರಿಯ ಗುಮಾಸ್ತೆಯೊಬ್ಬಳು ಮತ್ತೊಮ್ಮೆ ಹೊಡೆದರೆ ಗುರಿ ತಪ್ಪದಿರಲಿ ಎಂಬಂತೆ ಸಹೋದ್ಯೋಗಿಯ ಹತ್ತಿರ ಅಂದಳು. ಕೆಲಸದಿಂದ ತೆಗೆದರು. 1987ರಲ್ಲಿ ಸುಪ್ರೀಂ ಕೋರ್ಟು 5-4ರಲ್ಲಿ ಅವಳ ಪರ ನಿಂತಿತು, ಕಾರಣ ಅದು ಸರ್ಕಾರಿ ಕಚೇರಿ. ಖಾಸಗಿ ಆಫೀಸಾಗಿದ್ದರೆ ಆ ದಾರಿಯೇ ಇರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ನೌಕರರ ರಾಜಕೀಯ ಚಟುವಟಿಕೆಗೆ ಬೇರೆ ಕಾನೂನಿನ ರಕ್ಷಣೆ ಇದೆ. ನಿಮ್ಮ ಹುಡುಗ ಯಾವ ರಾಜ್ಯದಲ್ಲಿದ್ದಾನೆ ಅಂತ ನೀವು ಬರೆದಿಲ್ಲ.

— ಸಂ.