ತಗಡಿನ ಮೇಲಿನ ವಿಳಾಸ

ಪ್ರಶ್ನೆ: ಮಂಗಳೂರಿನ ಆಫೀಸೊಂದರಲ್ಲಿ ಗುಮಾಸ್ತರಾಗಿದ್ದ ಅಜ್ಜನ ಪೆಟ್ಟಿಗೆಯಲ್ಲಿ ಬೆರಳುದ್ದದ ತಗಡು ಸಿಕ್ಕಿತು. ನಮ್ಮ ಮನೆಯ ವಿಳಾಸ ಇಂಗ್ಲಿಷಿನಲ್ಲಿ, ಉಲ್ಟಾ ಅಕ್ಷರಗಳಲ್ಲಿ ಉಬ್ಬಿಕೊಂಡಿದೆ. ಏನಿದು?
– ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ಅದು ಅಡ್ರೆಸೋಗ್ರಾಫ್ ಪ್ಲೇಟು, ಅಂದರೆ ಲಕೋಟೆಗಳ ಮೇಲೆ ವಿಳಾಸ ಅಚ್ಚೊತ್ತುವ ಯಂತ್ರಕ್ಕೆ ಹಾಕುವ ತಗಡು. ದಯವಿಟ್ಟು ಗುಜರಿಗೆ ಹಾಕಬೇಡಿ. ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಹೆಂಚಿನ ಮಾಡಿನ ಆಫೀಸಿನಲ್ಲಿ ಇಂಥದೇ ಯಂತ್ರದ ಹಿಡಿ ಒತ್ತಿದವನು ನಾನು. ಅಮೆರಿಕದ ಜೋಸೆಫ್ ಡಂಕನ್ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮೊದಲು ರಬ್ಬರ್ ಅಕ್ಷರ. ತಗಡು ಬಂದದ್ದು ಆಮೇಲೆ.

ಪ್ಲೇಟುಗಳನ್ನು ಊರಿನ ಕ್ರಮದಲ್ಲಿ ಗೂಡಿಗೆ ತುಂಬುತ್ತಿದ್ದೆವು. ತಳದ ಪ್ಲೇಟು ಒಂದೊಂದೇ ಜಾರಿ ಅಚ್ಚಿನ ಜಾಗಕ್ಕೆ ಬರುತ್ತದೆ. ಅದರ ಮೇಲೆ ಶಾಯಿ ರಿಬ್ಬನ್, ರಿಬ್ಬನಿನ ಮೇಲೆ ಮಗುಚಿಟ್ಟ ಲಕೋಟೆ. ಹಿಡಿ ಒತ್ತಿದರೆ ರಬ್ಬರ್ ಮೆತ್ತೆ ಇಳಿದು ಅಮುಕುತ್ತದೆ. ಲಕೋಟೆ ಮಗುಚಿರುವುದರಿಂದಲೇ ನಿಮ್ಮ ತಗಡಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಇವೆ. ಅಚ್ಚಾದ ಪ್ಲೇಟು ಕೆಳಗಿನ ಡ್ರಾಯರಿಗೆ ಅದೇ ಕ್ರಮದಲ್ಲಿ ಬೀಳುತ್ತದೆ. ನನಗೆ ಈ ಯಂತ್ರದಲ್ಲಿ ಬಹಳ ಹಿಡಿಸಿದ್ದು ಇದೇ: ಮುಂದಿನ ತಿಂಗಳಿಗೆ ಮತ್ತೆ ಜೋಡಿಸುವ ಕೆಲಸವಿಲ್ಲ.

ಅಕ್ಷರ ಉಬ್ಬಿಸಲು ಗ್ರಾಫೋಟೈಪ್ ಎಂಬ ಬೇರೆಯೇ ಯಂತ್ರ. ಆಟಿ ತಿಂಗಳ ಮಳೆಯಲ್ಲಿ ಎರಡಕ್ಕೂ ತುಕ್ಕಿನ ಕಾಟ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಲೇ ಇರಬೇಕು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ಆಮೇಲೆ 575001 ಸೇರಿಸಲು ಎಷ್ಟೋ ಪ್ಲೇಟುಗಳನ್ನು ಹೊಸದಾಗಿ ಮಾಡಿದೆವು. ನಿಮ್ಮದರ ಕೊನೆಯಲ್ಲಿ ಆರು ಅಂಕಿ ಇದೆಯೇ ನೋಡಿ. ಇಲ್ಲದಿದ್ದರೆ ಅದು ಬಹುಶಃ ಅದಕ್ಕೂ ಹಳೆಯದು.